ಬೇಸಗೆಯ ಬಿಸಿಲು, ಸಂಜೆಯ ಸಿಡಿಲು

ಏಪ್ರಿಲ್ ತಿಂಗಳ ಕೊನೆಯ ವಾರ. ಕಲಬುರಗಿ ಜಿಲ್ಲೆಯ ಒಂದು ಹಳ್ಳಿ. ಮಧ್ಯಾಹ್ನದ ಎರಡೂವರೆ ಗಂಟೆ. ಓಣಿಯಲ್ಲಿ ಒಂದು ನರಪಿಳ್ಳೆಯೂ ಕಾಣುವುದಿಲ್ಲ. ನಾಯಿಗಳು ಬಚ್ಚಲ ನೀರು ಹರಿಯುವ ಎಡೆಯಲ್ಲಿ ಹಸಿಮಣ್ಣನ್ನು ಕೆದರಿಕೊಂಡು ಮಲಗಿವೆ. ಬೇವಿನ ಮರದಲ್ಲಿ ಒಂದು ಎಲೆಯೂ ಅಲುಗದು. ತೊಗರಿಯನ್ನು ಕೊಯ್ದು ಬರಿದಾದ ಎರೆಹೊಲ ಅಂಗೈ ತೂರುವಷ್ಟು ಬಿರುಕು ಬಿಟ್ಟಿದೆ. ಅದರ ಮೇಲಣ ಗಾಳಿ ಕಾದ ಹಂಚಿನ ಮೇಲಿನ ಗಾಳಿಯಂತೆ ನಡುಗುತ್ತಿದೆ.

ನಾಲ್ಕು ಗಂಟೆಗೆ ಬಾನಂಚಿನಲ್ಲಿ ಹೂಕೋಸಿನ ಆಕಾರದ ಬಿಳಿಯ ಮೋಡವೊಂದು ತಲೆಯೆತ್ತುತ್ತದೆ. ಐದು ಗಂಟೆಗೆ ಅದು ಅರ್ಧ ಆಕಾಶವನ್ನು ಆವರಿಸಿ ಕಪ್ಪಾಗಿರುತ್ತದೆ. ಇದ್ದಕ್ಕಿದ್ದಂತೆ ತಣ್ಣನೆಯ ಗಾಳಿ ಧೂಳನ್ನೆಬ್ಬಿಸಿ ನುಗ್ಗುತ್ತದೆ. ಹಿಂದೆಯೇ ದಪ್ಪ ದಪ್ಪ ಹನಿ, ತಗಡಿನ ಮಾಡಿನ ಮೇಲೆ ಆಲಿಕಲ್ಲಿನ ಸದ್ದು, ಕಣ್ಣು ಕೋರೈಸುವ ಮಿಂಚು, ಎದೆ ನಡುಗಿಸುವ ಗುಡುಗು. ಏಳು ಗಂಟೆಗೆ ಎಲ್ಲವೂ ಶಾಂತ. ಆಕಾಶದಲ್ಲಿ ನಕ್ಷತ್ರಗಳು, ನೆಲದಲ್ಲಿ ಹಸಿಮಣ್ಣಿನ ವಾಸನೆ. ಹಗಲಿನ ಧಗೆಗಿಂತ ಹತ್ತು ಹದಿನೈದು ಡಿಗ್ರಿ ಕಡಿಮೆಯಾದ ಹಿತವಾದ ತಂಪು. ಎರಡು ಹರದಾರಿ ಆಚೆಯ ಊರಿನಲ್ಲಾದರೋ ಒಂದು ಹನಿಯೂ ಬಿದ್ದಿಲ್ಲ.

ಒಂದೇ ದಿನ ಎರಡು ಅಪಾಯಗಳು: ಮಧ್ಯಾಹ್ನ ಬಿಸಿಲಿನದು, ಸಂಜೆ ಸಿಡಿಲಿನದು. ಒಂದು ಸದ್ದಿಲ್ಲದೆ ಕೊಲ್ಲುತ್ತದೆ, ಇನ್ನೊಂದು ಆರ್ಭಟಿಸಿ ಕೊಲ್ಲುತ್ತದೆ. ಮೇಲುನೋಟಕ್ಕೆ ಇವು ಒಂದಕ್ಕೊಂದು ವೈರಿಗಳು. ಒಂದು ಬಂದಾಗ ಇನ್ನೊಂದು ಓಡುತ್ತದೆ. ಆದರೆ ವಿಚಾರಿಸಿ ನೋಡಿದರೆ ಇವೆರಡೂ ಒಂದೇ ತಾಯಿಯ ಮಕ್ಕಳೆಂಬುದು ತಿಳಿಯುತ್ತದೆ. ಈ ಬಾಂಧವ್ಯವನ್ನು ಅರಿತರೆ, ಪ್ರತಿ ಬೇಸಗೆಯಲ್ಲಿ ನಮ್ಮ ಕಿವಿಗೆ ಬೀಳುವ “ಒಳನಾಡಿನಲ್ಲಿ ತೀವ್ರ ಬಿಸಿಲು, ಅಲ್ಲಲ್ಲಿ ಗುಡುಗುಸಹಿತ ಮಳೆ” ಎಂಬ ಮುನ್ಸೂಚನೆಯ ಅರ್ಥವೂ ತಾನಾಗಿ ಬಿಡಿಸಿಕೊಳ್ಳುತ್ತದೆ.

ನೆತ್ತಿಯ ಮೇಲಿನ ಸೂರ್ಯ

ಭಾರತದ ಹವಾಮಾನ ಇಲಾಖೆಯು ಮಾರ್ಚ್, ಏಪ್ರಿಲ್ ಮತ್ತು ಮೇ ತಿಂಗಳುಗಳನ್ನು ಸೇರಿಸಿ ಮುಂಗಾರಿಗೆ ಮುಂಚಿನ ಬೇಸಗೆಯ ಋತುವೆಂದು ಗಣಿಸುತ್ತದೆ. ಈ ಅವಧಿಯಲ್ಲಿ ಸೂರ್ಯನು ಉತ್ತರದ ಕಡೆಗೆ ಸರಿಯುತ್ತ ನಮ್ಮ ರಾಜ್ಯವನ್ನು ದಾಟಿ ಹೋಗುತ್ತಾನೆ. ಏಪ್ರಿಲ್ ೨೦ರ ಸುಮಾರಿಗೆ ಕರ್ನಾಟಕದ ದಕ್ಷಿಣದ ತುದಿಯಲ್ಲಿ ನಡುಹಗಲಿನ ಸೂರ್ಯ ನೆತ್ತಿಯ ಮೇಲೆ ನೇರವಾಗಿ ನಿಲ್ಲುತ್ತಾನೆ. ಏಪ್ರಿಲ್ ೨೪ರ ಸುಮಾರಿಗೆ ಬೆಂಗಳೂರಿನಲ್ಲಿಯೂ, ಮೇ ಎರಡನೆಯ ವಾರದಲ್ಲಿ ಕಲಬುರಗಿಯಲ್ಲಿಯೂ ಅದೇ ಸ್ಥಿತಿ ಉಂಟಾಗುತ್ತದೆ. ಆ ದಿನ ನಡುಹಗಲಿನಲ್ಲಿ ನೆಟ್ಟಗೆ ನಿಲ್ಲಿಸಿದ ಕೋಲಿಗೆ ನೆರಳೇ ಇರುವುದಿಲ್ಲ. ಆಕಾಶ ನಿರ್ಮಲವಾಗಿದ್ದರೆ ಪ್ರತಿ ಚದರ ಮೀಟರ್ ನೆಲದ ಮೇಲೆ ಸುಮಾರು ಒಂದು ಕಿಲೋವಾಟಿನಷ್ಟು ಶಕ್ತಿ ಸುರಿಯುತ್ತಿರುತ್ತದೆ.

ಹಾಗಾದರೆ ಸೂರ್ಯನು ಬೆಂಗಳೂರಿಗೂ ಕಲಬುರಗಿಗೂ ಸಮನಾಗಿಯೇ ಬೆಳಕು ಕೊಡುವಾಗ, ಕಲಬುರಗಿ, ರಾಯಚೂರು, ಯಾದಗಿರಿ, ಬಳ್ಳಾರಿಗಳೇ ಏಕೆ ಹೆಚ್ಚು ಬೇಯಬೇಕು? ಇದಕ್ಕೆ ಮೂರು ಕಾರಣಗಳನ್ನು ಹೇಳಬಹುದು.

ಮೊದಲನೆಯದು ನೆಲದ ಎತ್ತರ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು ೯೦೦ ಮೀಟರ್ ಎತ್ತರದಲ್ಲಿದೆ. ಕಲಬುರಗಿ ಸುಮಾರು ೪೫೦ ಮೀಟರ್, ರಾಯಚೂರು ಸುಮಾರು ೪೦೦ ಮೀಟರ್. ವಾಯುಮಂಡಲದಲ್ಲಿ ಒಂದು ಕಿಲೋಮೀಟರ್ ಮೇಲೇರಿದರೆ ಉಷ್ಣತೆ ಸರಾಸರಿ ಆರೂವರೆ ಡಿಗ್ರಿ ಇಳಿಯುತ್ತದೆ. ಈ ಲೆಕ್ಕದಿಂದ ಎತ್ತರದ ವ್ಯತ್ಯಾಸವೊಂದೇ ಸುಮಾರು ಮೂರು ಡಿಗ್ರಿಗಳ ಅಂತರವನ್ನು ಉಂಟುಮಾಡುತ್ತದೆ.

ಎರಡನೆಯದು ನೀರಿನ ಅಭಾವ. ಹಸಿಯಾದ ನೆಲದ ಮೇಲೆ ಬಿದ್ದ ಸೂರ್ಯಶಕ್ತಿಯಲ್ಲಿ ಬಹುಪಾಲು ನೀರನ್ನು ಆವಿಯಾಗಿಸುವುದರಲ್ಲಿ ವೆಚ್ಚವಾಗುತ್ತದೆ. ಒಣನೆಲದಲ್ಲಿ ಈ ವೆಚ್ಚವಿಲ್ಲ. ಬಂದುದೆಲ್ಲವೂ ಮಣ್ಣನ್ನೂ ಅದಕ್ಕೆ ತಾಗಿದ ಗಾಳಿಯನ್ನೂ ಕಾಯಿಸುವುದಕ್ಕೆ ಮೀಸಲು. ಅದರಲ್ಲಿಯೂ ಕಪ್ಪು ಎರೆಮಣ್ಣು ಬೆಳಕನ್ನು ಹಿಂದಕ್ಕೆ ಚಿಮ್ಮಿಸುವುದು ಕಡಿಮೆ, ಹೀರುವುದು ಹೆಚ್ಚು. ಹಿಂದಿನ ವರ್ಷ ಮಳೆ ಕೈಕೊಟ್ಟಿದ್ದರೆ ಮುಂದಿನ ಬೇಸಗೆ ಹೆಚ್ಚು ಉರಿಯುವುದಕ್ಕೆ ಇದೂ ಒಂದು ಕಾರಣ. ೨೦೨೩ರಲ್ಲಿ ರಾಜ್ಯದ ೨೩೬ ತಾಲ್ಲೂಕುಗಳಲ್ಲಿ ೨೨೩ ಬರಪೀಡಿತವೆಂದು ಘೋಷಿತವಾದುವು. ೨೦೨೪ರ ಏಪ್ರಿಲ್ ತಿಂಗಳ ಕಡುಬಿಸಿಲು ಅಂಥ ಒಣಗಿದ ನೆಲದ ಮೇಲೆಯೇ ಬಂದೆರಗಿತು.

ಮೂರನೆಯದು ಕಡಲಿನ ದೂರ. ಕರಾವಳಿಯಲ್ಲಿ ಮಧ್ಯಾಹ್ನವಾಗುತ್ತಲೇ ಸಮುದ್ರದ ತಂಗಾಳಿ ಬೀಸಿ ಉಷ್ಣತೆಗೆ ಕಡಿವಾಣ ಹಾಕುತ್ತದೆ. ಪಶ್ಚಿಮಘಟ್ಟಗಳನ್ನು ದಾಟಿ ನೂರಾರು ಕಿಲೋಮೀಟರ್ ಒಳಗಿರುವ ಬಯಲುಸೀಮೆಗೆ ಆ ಗಾಳಿ ತಲುಪುವುದಿಲ್ಲ. ಅಲ್ಲಿಗೆ ಬರುವುದು ಉತ್ತರ, ವಾಯವ್ಯ ದಿಕ್ಕುಗಳ ಕಾದ ನೆಲವನ್ನು ಸವರಿಕೊಂಡು ಬಂದ ಒಣಗಾಳಿ. ಆ ಜಿಲ್ಲೆಗಳಲ್ಲಿ ಏಪ್ರಿಲ್-ಮೇ ತಿಂಗಳುಗಳಲ್ಲಿ ಸರ್ಕಾರಿ ಕಚೇರಿಗಳು ಬೆಳಗ್ಗೆ ೮ರಿಂದ ಮಧ್ಯಾಹ್ನ ೧-೩೦ರವರೆಗೆ ನಡೆಯುವ ಪದ್ಧತಿ ಬೆಳೆದುಬಂದಿರುವುದು ಸುಮ್ಮನೆ ಅಲ್ಲ.

ನಲವತ್ತೆರಡು ಎಂದರೇನು?

ಪತ್ರಿಕೆಯಲ್ಲಿ “ರಾಯಚೂರಿನಲ್ಲಿ ೪೨ ಡಿಗ್ರಿ” ಎಂದು ಓದುತ್ತೇವೆ. ಇದು ಬಿಸಿಲಿನಲ್ಲಿ ಅಳೆದ ಉಷ್ಣತೆಯಲ್ಲ, ನೆರಳಿನಲ್ಲಿ ಅಳೆದುದು. ವೀಕ್ಷಣಾಲಯಗಳಲ್ಲಿ ನೆಲದಿಂದ ಸುಮಾರು ನಾಲ್ಕು ಅಡಿ ಎತ್ತರದಲ್ಲಿ, ಗಾಳಿಯಾಡಲು ಓರೆಪಟ್ಟಿಗಳಿರುವ ಬಿಳಿಬಣ್ಣದ ಮರದ ಪೆಟ್ಟಿಗೆಯೊಳಗೆ ಉಷ್ಣತಾಮಾಪಕವನ್ನು ಇಟ್ಟಿರುತ್ತಾರೆ. ಸ್ಕಾಟ್ಲೆಂಡಿನ ಎಂಜಿನಿಯರ್ ಥಾಮಸ್ ಸ್ಟೀವನ್‌ಸನ್ ಎಂಬಾತನು ರೂಪಿಸಿದ ಈ ಪೆಟ್ಟಿಗೆಗೆ ಅವನ ಹೆಸರೇ ಉಳಿದಿದೆ. ಹೀಗೆ ಅಳೆಯದಿದ್ದರೆ ಮಾಪಕವು ಗಾಳಿಯ ಉಷ್ಣತೆಯನ್ನಲ್ಲ, ಬಿಸಿಲಿನಲ್ಲಿ ಕಾದ ತನ್ನದೇ ಗಾಜಿನ ಉಷ್ಣತೆಯನ್ನು ತೋರಿಸೀತು. ಆದುದರಿಂದ ಬಿಸಿಲಿನಲ್ಲಿ ನಡೆಯುವವನ ಪಾಲಿಗೆ ಬರುವ ಶಾಖ ಪತ್ರಿಕೆಯ ಅಂಕಿಗಿಂತ ಬಹಳ ಹೆಚ್ಚು. ಕಾದ ಡಾಂಬರಿನ ಮೇಲೆ ಬರಿಗಾಲಿನಲ್ಲಿ ನಡೆದವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಎಷ್ಟು ಬಿಸಿಯಾದರೆ ಅದು “ಬಿಸಿಗಾಳಿ” ಅಥವಾ ಉಷ್ಣ ಅಲೆ ಎನಿಸಿಕೊಳ್ಳುತ್ತದೆ? ಹವಾಮಾನ ಇಲಾಖೆಯ ನಿಯಮದಂತೆ ಬಯಲುನಾಡಿನಲ್ಲಿ ಗರಿಷ್ಠ ಉಷ್ಣತೆ ಕನಿಷ್ಠ ೪೦ ಡಿಗ್ರಿ ಸೆಲ್ಸಿಯಸ್ ಮುಟ್ಟಿರಬೇಕು. ಅಲ್ಲದೆ ಅದು ಆ ಸ್ಥಳದ ವಾಡಿಕೆಯ ಉಷ್ಣತೆಗಿಂತ ನಾಲ್ಕೂವರೆ ಡಿಗ್ರಿಯಾದರೂ ಹೆಚ್ಚಿರಬೇಕು. ಕರಾವಳಿಗೆ ೩೭ ಡಿಗ್ರಿ, ಗುಡ್ಡಗಾಡಿಗೆ ೩೦ ಡಿಗ್ರಿ ಮೊದಲ ಮೆಟ್ಟಿಲು. ವಾಡಿಕೆ ಏನೇ ಇರಲಿ, ೪೫ ಮುಟ್ಟಿದರೆ ಅದು ಬಿಸಿಗಾಳಿಯೇ. ೪೭ ಮುಟ್ಟಿದರೆ ತೀವ್ರ ಬಿಸಿಗಾಳಿ. ವಾಡಿಕೆಯೊಡನೆ ಹೋಲಿಸುವುದರಲ್ಲಿ ಒಂದು ವಿವೇಕವಿದೆ. ೩೯ ಡಿಗ್ರಿ ಕಲಬುರಗಿಯವರಿಗೆ ದಿನನಿತ್ಯದ ಮಾತು. ೨೦೧೬ರ ಏಪ್ರಿಲಿನಲ್ಲಿ ಬೆಂಗಳೂರಿನ ಉಷ್ಣತೆ ೩೯.೨ ಡಿಗ್ರಿ ಮುಟ್ಟಿದಾಗ ಆ ನಗರ ತತ್ತರಿಸಿತು. ಮನೆ, ಉಡುಪು, ದೇಹ ಎಲ್ಲವೂ ತಮ್ಮ ಊರಿನ ಹವೆಗೆ ಒಗ್ಗಿಕೊಂಡಿರುತ್ತವೆ. ಅದೇ ವರ್ಷದ ಮೇ ೧೯ರಂದು ರಾಜಸ್ಥಾನದ ಫಲೋಡಿಯಲ್ಲಿ ದಾಖಲಾದ ೫೧ ಡಿಗ್ರಿ ಒಂದು ದಾಖಲೆ.

ದೇಹವೆಂಬ ಮಣ್ಣಿನ ಗಡಿಗೆ

ಮನುಷ್ಯನ ದೇಹದ ಒಳಗಿನ ಉಷ್ಣತೆ ಸುಮಾರು ೩೭ ಡಿಗ್ರಿ. ಹೊರಗಿನ ಗಾಳಿ ಇದಕ್ಕಿಂತ ತಂಪಾಗಿರುವವರೆಗೆ ದೇಹದ ಶಾಖ ಹೊರಕ್ಕೆ ಹರಿಯುತ್ತದೆ. ಗಾಳಿ ಇದಕ್ಕಿಂತ ಬಿಸಿಯಾದರೆ ಶಾಖವು ಹೊರಗಿನಿಂದ ಒಳಕ್ಕೆ ನುಗ್ಗತೊಡಗುತ್ತದೆ. ಆಗ ಉಳಿಯುವ ಉಪಾಯ ಒಂದೇ: ಬೆವರು.

ಬೇಸಗೆಯಲ್ಲಿ ಮಣ್ಣಿನ ಗಡಿಗೆಯ ನೀರು ಏಕೆ ತಂಪಾಗಿರುತ್ತದೆ? ಗಡಿಗೆಯ ಸೂಕ್ಷ್ಮ ರಂಧ್ರಗಳ ಮೂಲಕ ನೀರು ಹೊರಮೈಗೆ ಜಿನುಗಿ ಆವಿಯಾಗುತ್ತದೆ. ಆವಿಯಾಗಲು ಬೇಕಾದ ಶಾಖವನ್ನು ಒಳಗಿನ ನೀರಿನಿಂದಲೇ ಕಿತ್ತುಕೊಳ್ಳುತ್ತದೆ. ನಮ್ಮ ದೇಹವೂ ಅಂಥದೇ ಗಡಿಗೆ. ಒಂದು ಲೀಟರ್ ಬೆವರು ಚರ್ಮದ ಮೇಲೆ ಪೂರ್ತಿಯಾಗಿ ಆವಿಯಾದರೆ ಸುಮಾರು ೫೮೦ ಕಿಲೋಕ್ಯಾಲೊರಿ ಶಾಖವನ್ನು ಒಯ್ಯುತ್ತದೆ. ಹೊಲದಲ್ಲಿ ಗುದ್ದಲಿ ಹಿಡಿದು ದುಡಿಯುವವನ ದೇಹದಲ್ಲಿ ಗಂಟೆಗೆ ಸುಮಾರು ೩೦೦ ಕಿಲೋಕ್ಯಾಲೊರಿ ಶಾಖ ಹುಟ್ಟುತ್ತದೆ. ಇದರ ಮೇಲೆ ಬಿಸಿಲಿನ ಶಾಖವೂ ಸೇರುತ್ತದೆ. ಅಂದರೆ ಅವನು ಗಂಟೆಗೆ ಅರ್ಧದಿಂದ ಒಂದು ಲೀಟರಿನಷ್ಟು ನೀರನ್ನು ಕಳೆದುಕೊಳ್ಳುತ್ತಾನೆ. ಅಷ್ಟನ್ನು ಕುಡಿಯದಿದ್ದರೆ ಗಡಿಗೆ ಬರಿದಾಗುತ್ತದೆ.

ಆದರೆ ಬೆವರು ಸುರಿದರೆ ಸಾಲದು, ಅದು ಆರಬೇಕು. ಗಾಳಿಯಲ್ಲಿ ಆಗಲೇ ನೀರಿನ ಆವಿ ತುಂಬಿದ್ದರೆ ಬೆವರು ಆರುವುದಿಲ್ಲ. ಮೈಮೇಲೆ ಹರಿದು ನೆಲಕ್ಕೆ ಬೀಳುತ್ತದೆ, ತಂಪು ಮಾತ್ರ ದೊರೆಯುವುದಿಲ್ಲ. ಇದನ್ನು ಅಳೆಯಲು ವಿಜ್ಞಾನಿಗಳು ಒದ್ದೆಬಟ್ಟೆ ಸುತ್ತಿದ ಉಷ್ಣತಾಮಾಪಕವನ್ನು ಬಳಸುತ್ತಾರೆ. ಗಾಳಿಯಲ್ಲಿ ಆವಿಯಾಗುವ ನೀರು ಮಾಪಕವನ್ನು ಎಷ್ಟರಮಟ್ಟಿಗೆ ತಣಿಸಬಲ್ಲುದೆಂಬುದನ್ನು ಅದು ತೋರಿಸುತ್ತದೆ. ಇದಕ್ಕೆ ಆರ್ದ್ರ ಉಷ್ಣತೆ ಎನ್ನೋಣ.

ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ಕಲಬುರಗಿಯಲ್ಲಿ ಉಷ್ಣತೆ ೪೧ ಡಿಗ್ರಿ, ಗಾಳಿಯ ಸಾಪೇಕ್ಷ ತೇವಾಂಶ ಶೇಕಡ ೨೦ ಎಂದಿರಲಿ. ಆಗ ಆರ್ದ್ರ ಉಷ್ಣತೆ ಸುಮಾರು ೨೩ ಡಿಗ್ರಿ. ಅದೇ ಹೊತ್ತಿಗೆ ಮಂಗಳೂರಿನಲ್ಲಿ ಉಷ್ಣತೆ ೩೪ ಡಿಗ್ರಿ, ತೇವಾಂಶ ಶೇಕಡ ೬೫ ಎಂದಿರಲಿ. ಅಲ್ಲಿ ಆರ್ದ್ರ ಉಷ್ಣತೆ ಸುಮಾರು ೨೮ ಡಿಗ್ರಿ! ಏಳು ಡಿಗ್ರಿ ಕಡಿಮೆ ಬಿಸಿಯಾದ ಊರಿನಲ್ಲಿ ದೇಹ ತಣಿಯುವುದು ಹೆಚ್ಚು ಕಷ್ಟ. ಬಯಲುಸೀಮೆಯ ಬಿಸಿಲು ಸುಡುತ್ತದೆ, ನೀರನ್ನು ಹೀರುತ್ತದೆ. ಕರಾವಳಿಯ ಸೆಕೆ ಬೇಯಿಸುತ್ತದೆ, ಬೆವರನ್ನು ಆರಗೊಡುವುದಿಲ್ಲ. ಎರಡರ ಅಪಾಯವೂ ನಿಜ, ರೀತಿ ಮಾತ್ರ ಬೇರೆ. ಆರ್ದ್ರ ಉಷ್ಣತೆ ೩೫ ಡಿಗ್ರಿ ಮುಟ್ಟಿದರೆ ನೆರಳಿನಲ್ಲಿ ಸುಮ್ಮನೆ ಕುಳಿತ ಆರೋಗ್ಯವಂತನೂ ಕೆಲವು ಗಂಟೆಗಳಿಗಿಂತ ಹೆಚ್ಚು ಕಾಲ ಬದುಕಲಾರನೆಂಬುದು ಲೆಕ್ಕದಿಂದ ಸಿದ್ಧವಾಗಿದೆ. ಈಚೆಗೆ ತರುಣರ ಮೇಲೆ ನಡೆಸಿದ ಪ್ರಯೋಗಗಳು, ದೇಹದ ಸಹನೆ ಅದಕ್ಕಿಂತ ಬಹಳ ಮೊದಲೇ ಮುಗಿಯುತ್ತದೆಂದು ತೋರಿಸಿವೆ. ಮುದುಕರು, ಹಸುಗೂಸುಗಳು, ಗರ್ಭಿಣಿಯರು, ಹೃದಯ ಮತ್ತು ಮೂತ್ರಪಿಂಡಗಳ ಕಾಯಿಲೆಯುಳ್ಳವರು ಇನ್ನೂ ಬೇಗ ಸೋಲುತ್ತಾರೆ.

೨೦೧೫ರ ಮೇ ತಿಂಗಳಲ್ಲಿ ಮುಖ್ಯವಾಗಿ ನಮ್ಮ ನೆರೆಯ ಆಂಧ್ರಪ್ರದೇಶ ಮತ್ತು ತೆಲಂಗಾಣಗಳಲ್ಲಿ ಬಿಸಿಗಾಳಿಗೆ ಎರಡು ಸಾವಿರಕ್ಕೂ ಹೆಚ್ಚು ಜನ ಬಲಿಯಾದರು. ಇಂಥ ಸಾವುಗಳನ್ನು ತಡೆಯಲು ಸಾಧ್ಯವಿದೆ. ೨೦೧೦ರ ಬಿಸಿಗಾಳಿಯಿಂದ ಪಾಠ ಕಲಿತ ಅಹಮದಾಬಾದ್ ನಗರವು ೨೦೧೩ರಲ್ಲಿ ದೇಶದಲ್ಲಿಯೇ ಮೊದಲ ಬಾರಿಗೆ ಬಿಸಿಲು ನಿರ್ವಹಣೆಯ ಯೋಜನೆಯೊಂದನ್ನು ರೂಪಿಸಿತು. ಮುಂಚಿತವಾಗಿ ಎಚ್ಚರಿಕೆ, ಕುಡಿಯುವ ನೀರು, ನೆರಳು, ಆಸ್ಪತ್ರೆಗಳ ಸಿದ್ಧತೆ, ಇವೇ ಅದರ ಸಾರ. ಅನಂತರ ಇತರ ನಗರಗಳೂ ರಾಜ್ಯಗಳೂ ಅದನ್ನು ಅನುಸರಿಸಿದುವು.

ಎರಡು ಗಾಳಿಗಳ ಗಡಿ

ಇನ್ನು ಸಿಡಿಲಿನ ಕಡೆಗೆ ತಿರುಗೋಣ. ಗುಡುಗುಮಳೆಗೆ ಮೂರು ಸಾಮಗ್ರಿಗಳು ಬೇಕು: ನೀರಿನ ಆವಿ, ಕೆಳಗೆ ಬಿಸಿ ಮೇಲೆ ತಂಪು ಇರುವ ಅಸ್ಥಿರ ವಾಯುಮಂಡಲ, ಗಾಳಿಯನ್ನು ಮೇಲೆತ್ತುವ ಒಂದು ನೂಕು. ಎರಡನೆಯದನ್ನು ಬೇಸಗೆಯ ಸೂರ್ಯ ಯಥೇಚ್ಛವಾಗಿ ಒದಗಿಸುತ್ತಾನೆ. ಒಣಗಿದ ಒಳನಾಡಿಗೆ ಆವಿ ಎಲ್ಲಿಂದ ಬರಬೇಕು?

ದಕ್ಷಿಣ ಭಾರತದ ನಕ್ಷೆಯನ್ನು ಮುಂದಿಟ್ಟುಕೊಳ್ಳಿ. ಬೇಸಗೆಯಲ್ಲಿ ಪಶ್ಚಿಮದ ಕಡೆಯಿಂದ ಒಣಗಾಳಿ ವಾಯವ್ಯ ದಿಕ್ಕಿನಿಂದ ಬೀಸುತ್ತಿರುತ್ತದೆ. ಪೂರ್ವದ ಕಡೆ ಬಂಗಾಳ ಕೊಲ್ಲಿಯ ಮೇಲಿನಿಂದ ತೇವಭರಿತ ಗಾಳಿ ಆಗ್ನೇಯ ದಿಕ್ಕಿನಿಂದ ಒಳನುಗ್ಗುತ್ತಿರುತ್ತದೆ. ಇವೆರಡೂ ಸಂಧಿಸುವ ಗಡಿಯು ವಿದರ್ಭ, ಮರಾಠವಾಡಾಗಳ ಕಡೆಯಿಂದ ಕರ್ನಾಟಕದ ಒಳನಾಡಿನ ಮೇಲೆ ಹಾದು ತಮಿಳುನಾಡು, ಕೇರಳಗಳ ಕಡೆಗೆ ಉದ್ದಕ್ಕೆ ಚಾಚಿರುತ್ತದೆ. ಹವಾಮಾನ ಇಲಾಖೆಯ ಪ್ರಕಟಣೆಗಳಲ್ಲಿ “ಉತ್ತರ-ದಕ್ಷಿಣವಾಗಿ ಚಾಚಿದ ಕಡಿಮೆ ಒತ್ತಡದ ತಗ್ಗು” ಎಂಬ ಮಾತು ಬರುವುದುಂಟು, ಅದು ಇದೇ. ಗಡಿಯಲ್ಲಿ ಎದುರುಬದುರಾದ ಗಾಳಿಗಳಿಗೆ ಪಕ್ಕಕ್ಕೆ ಸರಿಯಲು ಎಡೆಯಿಲ್ಲ, ಮೇಲೇರಲೇಬೇಕು. ಹೀಗೆ ಆವಿಯೂ ನೂಕೂ ಒಟ್ಟಿಗೆ ದೊರೆಯುತ್ತವೆ.

ಈ ಗಡಿ ಒಂದೇ ಕಡೆ ನಿಲ್ಲುವುದಿಲ್ಲ. ದಿನದಿಂದ ದಿನಕ್ಕೆ ಪೂರ್ವಕ್ಕೋ ಪಶ್ಚಿಮಕ್ಕೋ ಸರಿಯುತ್ತಿರುತ್ತದೆ. ಅದರೊಡನೆ ಗುಡುಗುಮಳೆಯ ವಲಯವೂ ಸರಿಯುತ್ತದೆ. ಫೆಬ್ರವರಿಯಿಂದ ಏಪ್ರಿಲಿನವರೆಗೆ ಕೊಡಗು, ಚಿಕ್ಕಮಗಳೂರು, ಹಾಸನಗಳಲ್ಲಿ ಕಾಫಿಗಿಡ ಹೂಬಿಡಲು ನೆರವಾಗುವ ಹೂಮಳೆ, ಮಾವು ಬಲಿಯುವ ಕಾಲದ ಮಾವಿನ ಮಳೆ, ರೈತರು ಎಣಿಸುವ ಅಶ್ವಿನಿ, ಭರಣಿ, ಕೃತ್ತಿಕೆಯ ಮಳೆಗಳು, ಎಲ್ಲವೂ ಈ ಋತುವಿನ ಗುಡುಗುಮಳೆಗಳೇ. “ಭರಣಿ ಮಳೆ ಸುರಿದರೆ ಧರಣಿಯೆಲ್ಲ ಬೆಳೆ” ಎಂಬ ಗಾದೆ, ಏಪ್ರಿಲ್ ಕೊನೆಯಿಂದ ಮೇ ಹತ್ತರ ಸುಮಾರಿನವರೆಗೆ ಬೀಳುವ ಮಳೆಯಿಂದ ನೆಲ ಹದವಾಗಿ ಉಳುಮೆಗೆ ಸಿದ್ಧವಾಗುವುದನ್ನೇ ಹೇಳುತ್ತದೆ.

ಮೋಡದ ಆಯುಷ್ಯ

ಮೇಲೇರುವ ಒಣಗಾಳಿ ಹಿಗ್ಗುತ್ತದೆ. ಹಿಗ್ಗಿದಂತೆ ಕಿಲೋಮೀಟರಿಗೆ ಸುಮಾರು ಹತ್ತು ಡಿಗ್ರಿಯಂತೆ ತಣಿಯುತ್ತದೆ. ತಣಿದ ಗಾಳಿ ಹೆಚ್ಚು ಆವಿಯನ್ನು ಹಿಡಿದಿಡಲಾರದು. ೪೦ ಡಿಗ್ರಿಯಲ್ಲಿ ಒಂದು ಘನಮೀಟರ್ ಗಾಳಿಯಲ್ಲಿ ಸುಮಾರು ೫೧ ಗ್ರಾಂ ಆವಿ ಇರಬಹುದು. ೩೦ರಲ್ಲಿ ೩೦ ಗ್ರಾಂ. ೨೦ರಲ್ಲಿ ೧೭ ಗ್ರಾಂ ಮಾತ್ರ. ಒಂದು ಎತ್ತರದಲ್ಲಿ ಈ ಮಿತಿ ಮುಟ್ಟಿ ಆವಿಯು ಹನಿಗಳಾಗುತ್ತದೆ. ಅದೇ ಮೋಡದ ತಳ. ನಾವು ಮೇಲೆ ಹೇಳಿದ ಕಲಬುರಗಿಯ ಗಾಳಿಯಾದರೆ ಮೂರು ಕಿಲೋಮೀಟರಿಗೂ ಹೆಚ್ಚು ಏರಿದ ಮೇಲೆ ಮೋಡ ಕಟ್ಟೀತು. ತೇವವುಳ್ಳ ಕರಾವಳಿಯ ಗಾಳಿಗೆ ಒಂದು ಕಿಲೋಮೀಟರ್ ಸಾಕು.

ಆವಿ ಹನಿಯಾಗುವಾಗ, ನೆಲದಲ್ಲಿ ಆವಿಯಾಗುವಾಗ ಹೀರಿದ್ದ ಶಾಖವನ್ನು ಹಿಂದಿರುಗಿಸುತ್ತದೆ. ಇದರಿಂದ ಮೋಡದೊಳಗಿನ ಗಾಳಿ ಸುತ್ತಲಿನ ಗಾಳಿಗಿಂತ ಬೆಚ್ಚಗಾಗಿ, ಹಗುರಾಗಿ ಇನ್ನೂ ಮೇಲಕ್ಕೆ ಚಿಮ್ಮುತ್ತದೆ. ಈ ಶಾಖವೇನೂ ಅಲ್ಪವಲ್ಲ. ಒಂದು ಚದರ ಕಿಲೋಮೀಟರ್ ಜಾಗದಲ್ಲಿ ಒಂದು ಸೆಂಟಿಮೀಟರ್ ಮಳೆ ಬಿದ್ದರೆ ಆ ನೀರಿನ ತೂಕ ಹತ್ತು ಸಾವಿರ ಟನ್. ಅಷ್ಟು ನೀರು ಆವಿಯಿಂದ ಹನಿಯಾಗುವಾಗ ಹೊರಬಿದ್ದ ಶಕ್ತಿ ಸುಮಾರು ಎಪ್ಪತ್ತು ಲಕ್ಷ ಯೂನಿಟ್ ವಿದ್ಯುತ್ತಿಗೆ ಸಮ. ಮೋಡವೆಂಬುದು ಸೂರ್ಯನ ಬಿಸಿಲನ್ನೇ ಇಂಧನವಾಗಿಸಿಕೊಂಡ ಯಂತ್ರ. ಮಧ್ಯಾಹ್ನದ ಧಗೆಯೂ ಸಂಜೆಯ ಸಿಡಿಲೂ ಒಂದೇ ತಾಯಿಯ ಮಕ್ಕಳೆಂದು ಹೇಳಿದುದು ಇದಕ್ಕಾಗಿಯೇ.

ಎರಡನೆಯ ಮಹಾಯುದ್ಧದ ತರುವಾಯ, ೧೯೪೬ ಮತ್ತು ೧೯೪೭ರಲ್ಲಿ, ಅಮೆರಿಕದ ಫ್ಲೋರಿಡಾ ಮತ್ತು ಓಹಾಯೊ ರಾಜ್ಯಗಳಲ್ಲಿ ವಿಮಾನಗಳನ್ನು ಗುಡುಗಿನ ಮೋಡಗಳೊಳಕ್ಕೇ ಹಾರಿಸಿ ಅಧ್ಯಯನ ನಡೆಸಿದರು. ಹೊರೇಸ್ ಬೈಯರ್ಸ್ ಮತ್ತು ರೋಸ್ಕೊ ಬ್ರಹಾಂ ಎಂಬ ವಿಜ್ಞಾನಿಗಳು ಅದರಿಂದ ಗುಡುಗುಮೋಡದ ಬಾಳಿನಲ್ಲಿ ಮೂರು ಹಂತಗಳಿರುವುದನ್ನು ಕಂಡುಕೊಂಡರು. ಮೊದಲ ಹಂತದಲ್ಲಿ ಎಲ್ಲೆಲ್ಲಿಯೂ ಗಾಳಿ ಮೇಲೇರುತ್ತಿರುತ್ತದೆ. ಎರಡನೆಯದು ಪ್ರೌಢಾವಸ್ಥೆ: ಮೇಲೇರುವ ಗಾಳಿಯ ಪಕ್ಕದಲ್ಲಿಯೇ ಮಳೆಯೊಡನೆ ತಣ್ಣನೆಯ ಗಾಳಿ ಕೆಳಕ್ಕೆ ಧುಮುಕುತ್ತದೆ. ಈಗ ಮೋಡದ ತುದಿ ಹನ್ನೆರಡರಿಂದ ಹದಿನಾರು ಕಿಲೋಮೀಟರ್ ಎತ್ತರವನ್ನು ಮುಟ್ಟಿ, ಮೇಲಕ್ಕೆ ಹೋಗಲಾರದೆ ಕಮ್ಮಾರನ ಅಡಿಗಲ್ಲಿನಂತೆ ಅಗಲವಾಗಿ ಹರಡಿಕೊಳ್ಳುತ್ತದೆ. ಮೂರನೆಯ ಹಂತದಲ್ಲಿ ಇಳಿಗಾಳಿಯೇ ಎಲ್ಲವನ್ನೂ ಆವರಿಸಿ ಮೋಡದ ಇಂಧನವನ್ನು ಕತ್ತರಿಸಿಬಿಡುತ್ತದೆ. ಹುಟ್ಟಿನಿಂದ ಸಾವಿನವರೆಗೆ ಒಂದು ಗಂಟೆಗಿಂತ ಹೆಚ್ಚಿನ ಆಯುಷ್ಯವಿಲ್ಲ. ಆದರೆ ನೆಲಕ್ಕೆ ಬಡಿದು ಹರಡುವ ತಣ್ಣನೆಯ ಗಾಳಿ ಪಕ್ಕದ ಬಿಸಿಗಾಳಿಯನ್ನು ಮೇಲಕ್ಕೆತ್ತಿ ಇನ್ನೊಂದು ಮೋಡಕ್ಕೆ ಜನ್ಮ ಕೊಡಬಹುದು.

ಒಳನಾಡಿನಲ್ಲಿ ಮಳೆಗಿಂತ ಮುಂಚೆ ಧೂಳಿನ ಬಿರುಗಾಳಿ ಏಳುವುದೇಕೆಂಬುದೂ ಈಗ ತಿಳಿಯುತ್ತದೆ. ಮೋಡದ ತಳ ಎತ್ತರದಲ್ಲಿದ್ದಾಗ ಹನಿಗಳು ಒಣಗಾಳಿಯಲ್ಲಿ ಬಹುದೂರ ಬೀಳಬೇಕು. ದಾರಿಯಲ್ಲಿಯೇ ಅವು ಆವಿಯಾಗುತ್ತ ಗಾಳಿಯನ್ನು ತಣಿಸುತ್ತವೆ. ತಣಿದು ಭಾರವಾದ ಗಾಳಿ ವೇಗದಿಂದ ಕೆಳಗಿಳಿದು ನೆಲವನ್ನು ಗುಡಿಸಿಕೊಂಡು ಹೋಗುತ್ತದೆ. ತಗಡುಗಳು ಹಾರುವುದು, ಬಾಳೆತೋಟ ಮಲಗುವುದು, ಎಳೆಯ ಮಾವು ನೆಲದ ಪಾಲಾಗುವುದು ಇದರಿಂದಲೇ.

ಆಲಿಕಲ್ಲು ಮತ್ತು ಸಿಡಿಲು

ನಮ್ಮ ನಾಡಿನಲ್ಲಿ ಬೇಸಗೆಯಲ್ಲಿಯೂ ಸುಮಾರು ಐದು ಕಿಲೋಮೀಟರ್ ಎತ್ತರದ ಮೇಲೆ ಉಷ್ಣತೆ ಸೊನ್ನೆಗಿಂತ ಕೆಳಗಿರುತ್ತದೆ. ಅಲ್ಲಿ ನೀರಿನ ಸಣ್ಣ ಹನಿಗಳು ಕೂಡಲೇ ಹೆಪ್ಪುಗಟ್ಟದೆ ದ್ರವವಾಗಿಯೇ ಉಳಿದಿರುವುದುಂಟು. ಇಂಥ ಹನಿಗಳು ಒಂದು ಹಿಮದ ಹರಳಿಗೆ ತಗುಲಿದೊಡನೆ ಅದಕ್ಕೆ ಅಂಟಿ ಹೆಪ್ಪುಗಟ್ಟುತ್ತವೆ. ಮೇಲ್ಮುಖವಾದ ಗಾಳಿ ಬಲವಾಗಿರುವಷ್ಟು ಕಾಲ ಆ ಗೆಡ್ಡೆ ಬೀಳದೆ ಬೆಳೆಯುತ್ತದೆ. ಗಾಳಿ ಹೊರಲಾರದಷ್ಟು ಭಾರವಾದಾಗ ಆಲಿಕಲ್ಲಾಗಿ ಉದುರುತ್ತದೆ. ದೊಡ್ಡ ಆಲಿಕಲ್ಲೊಂದನ್ನು ಕತ್ತರಿಸಿ ನೋಡಿದರೆ ಈರುಳ್ಳಿಯ ಪದರಗಳಂತೆ ಬಿಳಿಯ ಮತ್ತು ಪಾರದರ್ಶಕ ಸುತ್ತುಗಳು ಕಾಣುತ್ತವೆ. ೨೦೧೪ರ ಫೆಬ್ರವರಿ-ಮಾರ್ಚ್ ತಿಂಗಳುಗಳಲ್ಲಿ ಮಹಾರಾಷ್ಟ್ರದಲ್ಲಿಯೂ ಅದಕ್ಕೆ ತಾಗಿದ ಉತ್ತರ ಕರ್ನಾಟಕದಲ್ಲಿಯೂ ಬಿದ್ದ ಆಲಿಕಲ್ಲಿನ ಮಳೆ ಕೊಯ್ಲಿಗೆ ಬಂದ ಜೋಳ, ದ್ರಾಕ್ಷಿಗಳನ್ನು ನೆಲಸಮ ಮಾಡಿತು. ವರ್ಷದ ದುಡಿಮೆ ಅರ್ಧ ಗಂಟೆಯಲ್ಲಿ ಹೋಯಿತು.

ಹಿಮದ ಹರಳುಗಳೂ ಆಲಿಯ ಮರಿಗಳೂ ಮೋಡದೊಳಗೆ ಒಂದಕ್ಕೊಂದು ಡಿಕ್ಕಿ ಹೊಡೆಯುವಾಗ ವಿದ್ಯುತ್ತು ಬೇರ್ಪಡುತ್ತದೆ. ಹಗುರವಾದ ಹರಳುಗಳು ಧನವಿದ್ಯುತ್ತನ್ನು ಹೊತ್ತು ಮೇಲಕ್ಕೂ, ಭಾರವಾದವು ಋಣವಿದ್ಯುತ್ತನ್ನು ಹೊತ್ತು ಕೆಳಭಾಗಕ್ಕೂ ಸೇರುತ್ತವೆ. ಇದನ್ನು ಕುರಿತ ಆರಂಭದ ಅಧ್ಯಯನಗಳಲ್ಲಿ ಒಂದು ನಮ್ಮ ದೇಶದಲ್ಲಿಯೇ ನಡೆಯಿತು. ಹವಾಮಾನ ಇಲಾಖೆಯಲ್ಲಿದ್ದ ಜಾರ್ಜ್ ಸಿಂಪ್ಸನ್ ಎಂಬಾತನು ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಸಿಮ್ಲಾದಲ್ಲಿ ಗುಡುಗುಮಳೆಯ ಹನಿಗಳು ಹೊತ್ತು ತರುವ ವಿದ್ಯುತ್ತನ್ನು ಅಳೆದನು.

ವಿದ್ಯುತ್ತಿನ ಒತ್ತಡ ಮಿತಿಮೀರಿದಾಗ ಗಾಳಿಯನ್ನು ಸೀಳಿಕೊಂಡು ಅದು ಹರಿಯುತ್ತದೆ. ಇದೇ ಮಿಂಚು, ನೆಲಕ್ಕೆ ಬಡಿದರೆ ಸಿಡಿಲು. ಅದರ ಹಾದಿಯ ಗಾಳಿ ಕ್ಷಣಾರ್ಧದಲ್ಲಿ ಸುಮಾರು ೩೦,೦೦೦ ಡಿಗ್ರಿಗೆ ಕಾಯುತ್ತದೆ. ಸೂರ್ಯನ ಮೇಲ್ಮೈಯ ಉಷ್ಣತೆಗೆ ಇದು ಐದರಷ್ಟು. ಹೀಗೆ ಕಾದ ಗಾಳಿ ಸಿಡಿದು ಹಿಗ್ಗುವ ಸದ್ದೇ ಗುಡುಗು. ಭಾರತದಲ್ಲಿ ಸಿಡಿಲಿನಿಂದ ಪ್ರತಿವರ್ಷ ಎರಡು ಸಾವಿರಕ್ಕೂ ಹೆಚ್ಚು ಜನ ಸಾಯುತ್ತಿದ್ದಾರೆ. ಸಾಯುವವರಲ್ಲಿ ಹೆಚ್ಚಿನವರು ಹೊಲದಲ್ಲಿ ದುಡಿಯುವವರು, ಕುರಿದನ ಕಾಯುವವರು, ಮಳೆಗೆ ಮರದಡಿ ನಿಂತವರು.

ಮುನ್ಸೂಚನೆಯನ್ನು ಓದುವುದು ಹೇಗೆ?

“ಗುಡುಗುಮಳೆ ಅಲ್ಲಲ್ಲಿ” ಎಂದು ಹೇಳುತ್ತಾರೆ. ಯಾವ ಊರಿನಲ್ಲಿ ಎಂದು ಹೇಳಲಾರರೇ? ಎಂದು ಕೇಳುವವರುಂಟು. ಒಲೆಯ ಮೇಲೆ ನೀರಿಟ್ಟರೆ ಅದು ಕುದಿಯುವುದು ಖಂಡಿತ, ಯಾವಾಗ ಕುದಿಯುವುದೆಂಬುದನ್ನೂ ಹೇಳಬಹುದು. ಮೊದಲ ಗುಳ್ಳೆ ಪಾತ್ರೆಯ ಯಾವ ಬಿಂದುವಿನಿಂದ ಏಳುವುದೆಂದು ಹೇಳಲಾಗದು. ಕೆಲವೇ ಕಿಲೋಮೀಟರ್ ಅಗಲವಿರುವ, ಒಂದು ಗಂಟೆ ಬಾಳುವ ಮೋಡದ ವಿಷಯವೂ ಹಾಗೆಯೇ. ಆದುದರಿಂದ ಮುನ್ಸೂಚನೆ ಮೂರು ಮೆಟ್ಟಿಲುಗಳಲ್ಲಿ ಬರುತ್ತದೆ.

ಮೊದಲನೆಯದು ಋತುವಿನ ಮುನ್ನೋಟ. ಫೆಬ್ರವರಿಯ ಕೊನೆ, ಮಾರ್ಚಿಯ ಮೊದಲಿನ ಹೊತ್ತಿಗೆ ಹವಾಮಾನ ಇಲಾಖೆ ಇದನ್ನು ಪ್ರಕಟಿಸುತ್ತದೆ. ಇದು ಸಂಭವನೀಯತೆಯ ಭಾಷೆ: ಈ ಭಾಗದಲ್ಲಿ ಬೇಸಗೆ ವಾಡಿಕೆಗಿಂತ ಬಿಸಿಯಾಗಿರುವ ಸಂಭವ ಹೆಚ್ಚು, ಎಂದಷ್ಟೇ ಅದರ ಅರ್ಥ, ದಿನದಿನದ ಲೆಕ್ಕ ಅದರಲ್ಲಿಲ್ಲ. ಎರಡನೆಯದು ಕೆಲವು ದಿನಗಳ ಮುನ್ಸೂಚನೆ. ಇದರಲ್ಲಿ ಹಸಿರು, ಹಳದಿ, ಕಿತ್ತಳೆ, ಕೆಂಪು ಬಣ್ಣಗಳ ಸಂಕೇತವಿದೆ. ಹಳದಿ ಎಂದರೆ ಗಮನವಿಡಿ. ಕಿತ್ತಳೆ ಎಂದರೆ ಸಿದ್ಧರಾಗಿರಿ. ಕೆಂಪು ಎಂದರೆ ಕೂಡಲೇ ರಕ್ಷಣೆಯ ಕ್ರಮ ಕೈಗೊಳ್ಳಿ. ಮೂರನೆಯದು ರೇಡಾರ್ ಮತ್ತು ಉಪಗ್ರಹಗಳು ಕಂಡ ಮೋಡವನ್ನು ಹಿಂಬಾಲಿಸಿ ಮುಂದಿನ ಮೂರು ಗಂಟೆಗಳಿಗೆ ಕೊಡುವ ತತ್‌ಕ್ಷಣದ ಸೂಚನೆ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯವರು ರೂಪಿಸಿದ “ದಾಮಿನಿ” ಎಂಬ ಮೊಬೈಲ್ ತಂತ್ರಾಂಶ ಸಮೀಪದಲ್ಲಿ ಸಿಡಿಲು ಬಡಿಯುವ ಸಂಭವವನ್ನು ತಿಳಿಸುತ್ತದೆ. ಊರಿನಲ್ಲಿ ಒಬ್ಬ ವಿದ್ಯಾರ್ಥಿ ಇದನ್ನು ನೋಡಿ ಹೊಲದಲ್ಲಿರುವವರಿಗೆ ಕರೆಮಾಡಿ ಹೇಳಿದರೂ ಒಂದು ಜೀವ ಉಳಿದೀತು.

ಬೇಸಗೆಯೇ ಬದಲಾಗುತ್ತಿರುವುದರಿಂದ ಈ ಎಚ್ಚರಿಕೆಗಳ ಬೆಲೆ ಇನ್ನಷ್ಟು ಹೆಚ್ಚಿದೆ. ೧೯೦೧ರಿಂದ ೨೦೧೮ರವರೆಗೆ ಭಾರತದ ಸರಾಸರಿ ಉಷ್ಣತೆ ಸುಮಾರು ೦.೭ ಡಿಗ್ರಿ ಏರಿದೆ. ಸರಾಸರಿ ಸ್ವಲ್ಪವೇ ಏರಿದರೂ ಅತಿಬಿಸಿಯ ದಿನಗಳ ಸಂಖ್ಯೆ ಬಹಳವಾಗಿ ಏರುತ್ತದೆ. ಅಲ್ಲದೆ ಉಷ್ಣತೆ ಒಂದು ಡಿಗ್ರಿ ಹೆಚ್ಚಿದರೆ ಗಾಳಿ ಹಿಡಿಯಬಲ್ಲ ಆವಿ ಸುಮಾರು ಶೇಕಡ ಏಳರಷ್ಟು ಹೆಚ್ಚುತ್ತದೆ. ಅಂದರೆ ಗುಡುಗುಮೋಡಕ್ಕೆ ಇಂಧನವೂ ಹೆಚ್ಚು.

ಪ್ರಾಣ ಉಳಿಸುವ ಮಾತುಗಳು

ಬಿಸಿಲಿನ ದಿನಗಳಲ್ಲಿ ಹನ್ನೆರಡರಿಂದ ಮೂರರವರೆಗೆ ಹೊರಗಿನ ಶ್ರಮದ ಕೆಲಸವನ್ನು ಬಿಡಬೇಕು. ಬಾಯಾರಿಕೆಯನ್ನು ಕಾಯದೆ ನೀರು, ಮಜ್ಜಿಗೆ, ಅಂಬಲಿ ಕುಡಿಯಬೇ​ಕು. ಸಡಿಲವಾದ ಹತ್ತಿಬಟ್ಟೆ ಉಟ್ಟು ತಲೆಗೆ ವಸ್ತ್ರ ಸುತ್ತಿಕೊಳ್ಳಬೇಕು. ಯಾರಾದರೂ ಬಿಸಿಲಿನಲ್ಲಿ ತಲೆಸುತ್ತಿ ಬಿದ್ದು, ಮೈ ಕೆಂಡದಂತೆ ಸುಡುತ್ತ, ಮಾತು ತೊದಲುತ್ತ ಅಥವಾ ಪ್ರಜ್ಞೆ ತಪ್ಪಿದ್ದರೆ ಅದು ಬಿಸಿಲಾಘಾತ. ಒಂದು ಕ್ಷಣವನ್ನೂ ಕಳೆಯಬಾರದು. ನೆರಳಿಗೆ ಸಾಗಿಸಿ, ಬಟ್ಟೆ ಸಡಿಲಿಸಿ, ಮೈಮೇಲೆ ತಣ್ಣೀರು ಸುರಿದು ಗಾಳಿ ಬೀಸಬೇಕು; ಕುತ್ತಿಗೆ, ಕಂಕುಳುಗಳಿಗೆ ಮಂಜುಗಡ್ಡೆ ಇಡಬಹುದು; ೧೦೮ಕ್ಕೆ ಕರೆಮಾಡಬೇಕು. ಪ್ರಜ್ಞೆಯಿಲ್ಲದವರ ಬಾಯಿಗೆ ನೀರು ಹಾಕಕೂಡದು.

ಸಿಡಿಲಿನ ವಿಷಯದಲ್ಲಿ ಒಂದೇ ಸೂತ್ರ: ಗುಡುಗು ಕೇಳಿಸಿದರೆ ನೀವು ಅಪಾಯದ ವಲಯದಲ್ಲಿದ್ದೀರಿ. ಪಕ್ಕಾ ಕಟ್ಟಡ ಅಥವಾ ಮುಚ್ಚಿದ ವಾಹನವನ್ನು ಸೇರಿರಿ. ಒಂಟಿಮರದ ಕೆಳಗೆ ನಿಲ್ಲಬೇಡಿ. ಕೆರೆ, ತಂತಿಬೇಲಿ, ವಿದ್ಯುತ್ ಕಂಬಗಳಿಂದ ದೂರವಿರಿ. ಬಯಲಿನಲ್ಲಿ ಸಿಕ್ಕಿಬಿದ್ದರೆ ಪಾದಗಳನ್ನು ಜೋಡಿಸಿ ಕುಕ್ಕರಗಾಲಿನಲ್ಲಿ ಕುಳಿತುಕೊಳ್ಳಿ, ನೆಲದ ಮೇಲೆ ಮಲಗಬೇಡಿ. ಸಿಡಿಲು ನೆಲಕ್ಕಿಳಿದಾಗ ವಿದ್ಯುತ್ತು ನೆಲದಲ್ಲಿ ಹರಡುತ್ತದೆ; ದೇಹ ನೆಲವನ್ನು ಮುಟ್ಟಿರುವ ಎರಡು ಬಿಂದುಗಳ ನಡುವಣ ದೂರ ಹೆಚ್ಚಿದಷ್ಟೂ ಆಘಾತ ಹೆಚ್ಚು. ನಾಲ್ಕು ಕಾಲಿನ ದನಗಳು ಹೆಚ್ಚಾಗಿ ಸಾಯುವುದಕ್ಕೆ ಇದೇ ಕಾರಣ. ಕೊನೆಯ ಗುಡುಗು ಕೇಳಿದ ಮೇಲೂ ಅರ್ಧ ಗಂಟೆ ಹೊರಗೆ ಬರಬಾರದು. ಸಿಡಿಲು ಬಡಿದವರ ಮೈಯಲ್ಲಿ ವಿದ್ಯುತ್ತು ಉಳಿದಿರುವುದಿಲ್ಲ. ಮುಟ್ಟಲು ಹೆದರದೆ, ಉಸಿರು ನಿಂತಿದ್ದರೆ ಎದೆಯೊತ್ತಿ ಉಪಚಾರ ಮಾಡಬೇಕು.

ಈ ಬೇಸಗೆಯಲ್ಲಿ ವಿದ್ಯಾರ್ಥಿಗಳು ಒಂದು ಪ್ರಯೋಗವನ್ನು ಮಾಡಿ ನೋಡಬಹುದು. ಎರಡು ಉಷ್ಣತಾಮಾಪಕಗಳನ್ನು ನೆರಳಿನಲ್ಲಿ ಗಾಳಿಯಾಡುವ ಕಡೆ ತೂಗುಹಾಕಿ. ಒಂದರ ಬುಡಕ್ಕೆ ಒದ್ದೆ ಮಾಡಿದ ತೆಳುಬಟ್ಟೆಯನ್ನು ಸುತ್ತಿ. ಪ್ರತಿದಿನ ಮಧ್ಯಾಹ್ನ ಮೂರು ಗಂಟೆಗೆ ಎರಡರ ಅಂಕಿಗಳನ್ನೂ ಬರೆದಿಡಿ. ಸಂಜೆ ಮೋಡ ಕಟ್ಟಿದರೆ ಮನೆಯೊಳಗೇ ಕುಳಿತು ಮಿಂಚಿಗೂ ಗುಡುಗಿಗೂ ನಡುವಣ ಸೆಕೆಂಡುಗಳನ್ನು ಎಣಿಸಿ. ಮೂರು ಸೆಕೆಂಡಿಗೆ ಒಂದು ಕಿಲೋಮೀಟರ್ ದೂರವೆಂದು ಲೆಕ್ಕ. ಒಂದು ತಿಂಗಳ ಕಾಲ ಹೀಗೆ ಬರೆದರೆ, ಎರಡು ಮಾಪಕಗಳ ಅಂತರ ಕಡಿಮೆಯಾದ ದಿನಗಳಲ್ಲಿ ಸಂಜೆಯ ಗುಡುಗು ಹೆಚ್ಚೋ ಕಡಿಮೆಯೋ ಎಂಬುದನ್ನು ನಿಮ್ಮ ಟಿಪ್ಪಣಿಯ ಪುಸ್ತಕವೇ ಹೇಳುತ್ತದೆ. ಆ ಪುಸ್ತಕವನ್ನು ಮನೆಯ ಹಿರಿಯರಿಗೂ ತೋರಿಸಿ. ಹೊಲಕ್ಕೆ ಹೊರಟವರು ನಿಮ್ಮ ಮಾತಿಗೆ ಒಂದು ಗಳಿಗೆ ನಿಂತು ಬಾನಂಚಿನ ಕಡೆ ನೋಡಿದರೆ ನಿಮ್ಮ ಶ್ರಮ ಸಾರ್ಥಕ.